ಕಳುಹಿಸದೆ ಉಳಿದ ಪದ

ಕೃಷ್ಣೆಯ ದಡದ ಆಶ್ರಮವೊಂದರಲ್ಲಿ ವೃದ್ಧ ಗುರುಗಳಿದ್ದರು. ಸುತ್ತಲಿನ ಊರವರಿಗೆ ಅವರು ಅಜ್ಜಾರು. ಅವರ ಶಿಷ್ಯರಲ್ಲಿ ಇಂಗ್ಲಿಷ್ ಬಲ್ಲವನು ರೇವಣಸಿದ್ಧನೊಬ್ಬನೇ.

ಒಂದು ಮುಂಜಾನೆ ಅಜ್ಜಾರು ಅವಸರದಿಂದ ಬಂದರು.

“ಮ್ಯಾಲಿನ ಡ್ಯಾಮಿನ ಗೇಟು ತಗದಾರಂತ. ಇನ್ನೇನು ನೀರು ಬರತೈತಿ. ಇವತ್ತು ಹೊಳಿ ದಾಟೂದು ಬ್ಯಾಡ, ಇನ್ನೊಂದು ದಿನ ಬರ್ರಿ ಅಂತ ಎಡ್ವರ್ಡ್ ಸಾಹೇಬ್ರಿಗೆ ತಿಳಸು.”

ಎಡ್ವರ್ಡ್ ಪರದೇಶದ ನಿವೃತ್ತ ಮೇಷ್ಟರು. ಆಚೆ ದಡದ ಊರಿನಲ್ಲಿ ಇಳಿದುಕೊಂಡು, ಅಂದು ಅಜ್ಜಾರ ದರ್ಶನಕ್ಕೆ ಬರುವವರಿದ್ದರು. ಅವರಿಗೆ ಕಿವಿ ಕೇಳದು. ಮೊಬೈಲಿಗೆ ಬಂದ ಸಂದೇಶವನ್ನು ಮಾತ್ರ ಓದಿಕೊಳ್ಳುವರು. ಅವರನ್ನು ಕರೆತರಬೇಕಾದ ಅಂಬಿಗ ಈರಣ್ಣನ ಬಳಿ ಫೋನೇ ಇರಲಿಲ್ಲ.

ರೇವಣಸಿದ್ಧ ಮೊಬೈಲು ಹಿಡಿದು ಕಟ್ಟೆಯ ಮೇಲೆ ಕುಳಿತ. ಬೆರಳು ಓಡಲಿಲ್ಲ.

ಹಿಂದೊಮ್ಮೆ ಸಾಹೇಬರ ಭೇಟಿಯನ್ನು ಗೊತ್ತಾದ ದಿನಕ್ಕಿಂತ ಮೊದಲೇ ಇರಿಸಿಕೊಂಡಾಗ, ಅವನು ‘ಪ್ರಿಪೋನ್’ ಎಂದು ಬರೆದಿದ್ದ. “ಈ ಪದ ನಮ್ಮ ದೇಶದಲ್ಲಿ ಇನ್ನೂ ಹುಟ್ಟಿಲ್ಲವಲ್ಲ!” ಎಂದು ಸಾಹೇಬರು ನಕ್ಕಿದ್ದರು. ಅದು ಅಕ್ಕರೆಯ ನಗೆಯೇ. ಆದರೂ ಶಿಷ್ಯನ ಎದೆಯೊಳಗೆ ಮುಳ್ಳಾಗಿ ಮುರಿದುಕೊಂಡಿತ್ತು.

‘ಕ್ಯಾನ್ಸಲ್’ ಎಂದು ಬರೆದ. ಮುಖದ ಮೇಲೆ ಬಾಗಿಲು ಹಾಕಿದಂತಾದೀತೆ? ಅಳಿಸಿದ.

‘ಡಿಲೇ’ ಎಂದ. ತುಸು ಹೊತ್ತು ಕಾದು ಹೊರಟೇಬಿಟ್ಟರೆ? ಅದನ್ನೂ ಅಳಿಸಿದ.

‘ರೀಶೆಡ್ಯೂಲ್’ ಎಂದರೆ ಹೊಸ ದಿನವನ್ನು ಹೇಳಬೇಕು. ಹೊಳೆ ಯಾವಾಗ ಇಳಿಯುವುದೋ ಯಾರು ಬಲ್ಲರು?

‘ಪೋಸ್ಟ್‌ಪೋನ್’ ಸರಿಯೆನ್ನಿಸಿತು. ಮರುಕ್ಷಣವೇ, ಇದು ಆ ‘ಪ್ರಿಪೋನ್’ನ ಒಡಹುಟ್ಟಿದ್ದಲ್ಲವೆ ಎನ್ನಿಸಿ ಅದನ್ನೂ ಅಳಿಸಿದ.

ಹಾದುಹೋಗುತ್ತಿದ್ದ ಅಜ್ಜಾರು ಕೇಳಿದರು: “ಕಳಿಸಿದೇನೋ?”

“ಕಳಸ್ತೀನ್ರಿ ಅಜ್ಜಾರ. ಒಂದು ಪದ ಹೊಂದವಲ್ದು.”

“ಕನ್ಯಾ ನೋಡಾಕ ಹೋದವರಂಗ ಮಾಡಾಕ್ಹತ್ತಿಯಲ್ಲೋ! ಲಗೂನ ಕಳಸು.”

ಮತ್ತೆ ಬರೆದ. ಮತ್ತೆ ಅಳಿಸಿದ. ತಲೆಯೆತ್ತಿ ಹೊಳೆಯತ್ತ ನೋಡಿದ.

ಆಚೆ ದಡದಿಂದ ಹರಿಗೋಲು ಹೊರಟಿತ್ತು. ಅದರೊಳಗೆ ಸಾಹೇಬರ ಬಿಳಿಯ ಟೋಪಿ. ಹೊಳೆ ಆಗಲೇ ಕೆಂಪಾಗಿ, ಕಸಕಡ್ಡಿ ಹೊತ್ತು ಏರುತ್ತಿತ್ತು.

“ಅಜ್ಜಾರ!” ಎಂದ. ಹೊಳೆಯತ್ತ ಬೆರಳು ತೋರಿದ.

ಅಜ್ಜಾರು ಓಡಿದರು. ಮೊಳಕಾಲುದ್ದ ನೀರಿಗಿಳಿದು, ಹೊದ್ದಿದ್ದ ಕಾವಿಯನ್ನು ಕಳಚಿ ತಲೆಯ ಮೇಲೆ ಬೀಸತೊಡಗಿದರು. ದಡದಲ್ಲಿ ನಿಂತವರು ಹೊದ್ದ ಬಟ್ಟೆಯನ್ನು ಕಳಚಿ ಬೀಸಿದರೆ ಅಂಬಿಗನು ಕಾರಣ ಕೇಳದೆ ಹಿಂದಿರುಗಬೇಕೆಂಬುದು ಹೊಳೆ ದಾಟುವ ಆ ಕಡವಿನ ಕಟ್ಟಳೆ.

ಹರಿಗೋಲು ಗರಗರನೆ ತಿರುಗಿತು. ಸೆಳವು ಅದನ್ನು ಕೆಳಕ್ಕೆಳೆಯಿತು. ಈರಣ್ಣ ಮೈಯೆಲ್ಲ ಬಾಗಿಸಿ ಹುಟ್ಟು ಹಾಕಿದ. ರೇವಣಸಿದ್ಧನಿಗೆ ನೋಡಲೂ ಆಗಲಿಲ್ಲ, ಕಣ್ಣು ಮುಚ್ಚಲೂ ಆಗಲಿಲ್ಲ.

ಕೊನೆಗೆ ಬಹು ದೂರ ಕೆಳಗೆ, ಆಚೆ ದಡದ ಜಾಲಿಯ ಮೆಳೆಗೆ ಹರಿಗೋಲು ತಗುಲಿತು. ಬಿಳಿಯ ಟೋಪಿ ದಡ ಹತ್ತಿತು.

ಶಿಷ್ಯ ಗುರುವಿನ ಕಾಲಿಗೆರಗಿದ.

“ತಪ್ಪಾತರಿ ಅಜ್ಜಾರ. ಆದರ ಒಂದು ಹೇಳ್ರಿ. ಯಾವ ಪದ ಬರದಿದ್ದರ ಸರಿ ಆಗತಿತ್ತರಿ?”

“ಅವರು ದಡದ ಮ್ಯಾಲೆ ಇದ್ದಾಗ ತಪ್ಪು ಪದಾನೂ ನಡೀತಿತ್ತು,” ಎಂದರು ಅಜ್ಜಾರು. “ನೀರಿಗಿಳಿದ ಮ್ಯಾಲೆ ಸರಿ ಪದಾನೂ ನಡೀತಿದ್ದಿಲ್ಲ.”

ರೇವಣಸಿದ್ಧ ಎದ್ದು ಹೊಳೆಯಾಚೆ ನೋಡಿದ.

ಆಚೆ ದಡದಲ್ಲಿ ಸಾಹೇಬರು ಏನೂ ತಿಳಿಯದೆ, ಈರಣ್ಣನ ತೋಳು ಹಿಡಿದು, ಮತ್ತೆ ಹರಿಗೋಲಿನತ್ತಲೇ ಕೈ ತೋರಿಸುತ್ತಿದ್ದರು.

ಅಜ್ಜಾರು ಒದ್ದೆ ಕಾವಿಯನ್ನು ಹಿಂಡುತ್ತ ಹೇಳಿದರು:

“ಈಗ ಮತ್ತ ದಡದ ಮ್ಯಾಲೆ ಅದಾರ. ಬರಿಯೋ ತಮ್ಮಾ.”