ಅರೆ ಬೆಸುಗೆ

"ಗುರುಗಳೇ, ನಿಮ್ಮಲ್ಲಿ ಓದಿ ಹೋದವರು ಒಬ್ಬರೂ ತಿರುಗಿ ಬರಲಿಲ್ಲವಲ್ಲ, ನಿಮಗೆ ಬೇಸರವಾಗುವುದಿಲ್ಲವೇ?" ಎಂದು ಅಡಿವೆಪ್ಪ ಕೇಳಿದ. ಅವನು ಮಠಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ಜೊತೆಯವರೆಲ್ಲ ಓದು ಮುಗಿಸಿ ಹೋಗಿದ್ದರು. ಅವನಿಗೆ ಕೊನೆಯ ಪಾಠವೊಂದೇ ಉಳಿದಿತ್ತು. ಗುರುಗಳು ಅದನ್ನು ಇಂದು ನಾಳೆ ಎಂದು ಮುಂದೂಡುತ್ತಲೇ ಇದ್ದರು.

ಗುರುಗಳು ನಕ್ಕರು. "ಬೇಸರದ ಮಾತು ಆಮೇಲೆ. ಮೊದಲು ಒಬ್ಬ ರೇಡಿಯೋ ಮಾಡುವವನ ಕತೆ ಕೇಳು," ಎಂದರು.

ಒಂದು ಪೇಟೆಯಲ್ಲಿ ಒಬ್ಬ ರೇಡಿಯೋ ಮಾಡುವವನಿದ್ದ. ಆಗ ಗಾಜಿನ ವಾಲ್ವಿನ ರೇಡಿಯೋಗಳ ಕಾಲ. ಹಚ್ಚಿದರೆ ಒಳಗೆ ಕೆಂಪಗೆ ಬೆಳಗಿ, ಪೆಟ್ಟಿಗೆ ಬೆಚ್ಚಗಾಗಿ, ಆಮೇಲೆ ನಿಧಾನಕ್ಕೆ ದನಿ ಬರುತ್ತಿತ್ತು. ಅವನು ಒಳಗಿನ ತಂತಿಗಳ ಒಂದೊಂದು ಬೆಸುಗೆಯನ್ನೂ ಎಳೆದೆಳೆದು ನೋಡಿಯೇ ಮುಚ್ಚಳ ಹಾಕುವನು. ಒಯ್ಯುವಾಗ ಎಲ್ಲರೂ ಹೇಳುವುದು ಒಂದೇ ಮಾತು: "ಕೆಟ್ಟರೆ ತರ್ತೀವಿ, ಯಜಮಾನ್ರೇ." ಮೂವತ್ತು ವರ್ಷ ಕಳೆಯಿತು. ಅಯ್ಯೋ, ಒಂದಾದರೂ ಕೆಡಬೇಕಲ್ಲ! ಯಾರೂ ಬರಲಿಲ್ಲ.

ಪಕ್ಕದ ಅಂಗಡಿಯವನ ರೇಡಿಯೋಗಳು ಮಳೆಗೊಮ್ಮೆ ಸೆಕೆಗೊಮ್ಮೆ ಕೆಡುತ್ತಿದ್ದವು. ಅವನ ಬಾಗಿಲಲ್ಲಿ ಸದಾ ಜನ, ಹರಟೆ, ಚಹಾ. "ನಿನ್ನ ಅಂಗಡಿಗೆ ನೊಣಾನೂ ಬರಲ್ವಲ್ಲೋ ಮಾರಾಯ," ಎಂದು ಅವನು ಚೇಷ್ಟೆ ಮಾಡುತ್ತಿದ್ದ. ರೇಡಿಯೋ ಮಾಡುವವನು ಒಂಟಿ ಮನುಷ್ಯ. ಆ ಮಾತು ಅವನ ಎದೆಗೆ ನಾಟಿತು.

ಆಗ ಒಬ್ಬ ನೇಕಾರ ರೇಡಿಯೋ ಮಾಡಿಕೊಡಲು ಹೇಳಿದ್ದ. ದಿನವೂ ಬಂದು ಪಕ್ಕದಲ್ಲಿ ಕೂತು ಊರ ಸುದ್ದಿಯೆಲ್ಲ ಹೇಳುವನು. ಕೆಲಸ ಮುಗಿಯುತ್ತ ಬಂದಂತೆ ಇವನಿಗೆ ಸಂಕಟ ಹೆಚ್ಚಾಯಿತು. ಮುಗಿದರೆ ನೇಕಾರನೂ ಬರುವುದಿಲ್ಲ. ಕೊನೆಯ ಬೆಸುಗೆಯನ್ನು ಅರೆಯಾಗಿ ಬಿಟ್ಟ. ವರ್ಷದೊಳಗೆ ಅದು ಬಿಟ್ಟುಕೊಳ್ಳುತ್ತದೆ, ನೇಕಾರ ಬಂದೇ ಬರುತ್ತಾನೆ. ಮುಚ್ಚಳ ಹಾಕಿದ. ಯಾಕೋ ಕೂತಲ್ಲಿ ಕೂರಲಾಗದೆ ಹೊರಗೆ ನಡೆದ.

ಮುಚ್ಚಂಜೆಯಾಗಿತ್ತು. ಬೀದಿಯ ಮೊದಲ ಮನೆಯಿಂದ ಒಂದು ಹಾಡು ಕೇಳಿತು. ಹೆಜ್ಜೆ ಮುಂದಿಟ್ಟ, ಹಿಂದೆ ಸಣ್ಣಗಾದ ಹಾಡು ಮುಂದಿನ ಮನೆಯಲ್ಲಿ ದೊಡ್ಡದಾಯಿತು. ಆಚೆಯ ಮನೆಯಲ್ಲಿಯೂ ಅದೇ ಹಾಡು. ಬೀದಿಯುದ್ದಕ್ಕೂ ಒಂದು ಅಕ್ಷರವೂ ಕಡಿಯಲಿಲ್ಲ. ಎಲ್ಲವೂ ಅವನು ಮಾಡಿದ ರೇಡಿಯೋಗಳೇ. ತಾನು ನಡೆಯುತ್ತಿದ್ದೇನೋ, ಬೀದಿಯೇ ತೇಲುತ್ತಿದೆಯೋ ಅವನಿಗೆ ತಿಳಿಯಲಿಲ್ಲ. ಒಂದು ಕಿಟಕಿಯ ಬಳಿ ನಿಂತ. ಒಳಗೆ ರೇಡಿಯೋದ ಬೆಚ್ಚನೆಯ ಪೆಟ್ಟಿಗೆಯ ಮೇಲೆ ಬೆಕ್ಕು ಮಲಗಿತ್ತು.

"ಯಾರಪ್ಪಾ ಅದು?" ಎಂದಳು ಮನೆಯಾಕೆ.

"ಯಾರೂ ಅಲ್ಲ ತಾಯಿ, ದಾರಿಯಲ್ಲಿ ಹೋಗುವವನು."

"ಹಾಗಾದ್ರೆ ಕಟ್ಟೆ ಮೇಲೆ ಕೂತು ಕೇಳು. ನನ್ನ ಮಗ ಹುಟ್ಟಿದ ವರ್ಷದ ರೇಡಿಯೋ ಇದು, ಒಂದು ದಿನವೂ ಕೈಕೊಟ್ಟಿಲ್ಲ."

ಅವನು ಕೂತು ಹಾಡು ಮುಗಿಯುವವರೆಗೂ ಕೇಳಿದ. ಕಣ್ಣು ತುಂಬಿ ಬಂತು. ಅಂಗಡಿಗೆ ಹಿಂದಿರುಗಿ, ಮುಚ್ಚಳ ತೆಗೆದು, ಅರೆ ಬೆಸುಗೆಯನ್ನು ಗಟ್ಟಿ ಮಾಡಿದ. ಮರುದಿನ ನೇಕಾರ ಪೆಟ್ಟಿಗೆ ಹೊತ್ತುಕೊಂಡು, "ಕೆಟ್ಟರೆ ತರ್ತೀನಿ," ಎಂದ. "ಇದು ಕೆಡೋದಿಲ್ಲಪ್ಪ," ಎಂದು ಇವನು, ನೇಕಾರ ಬೀದಿಯ ತಿರುವು ದಾಟುವವರೆಗೂ ನೋಡುತ್ತ ನಿಂತ.

ಗುರುಗಳು ಕತೆ ನಿಲ್ಲಿಸಿದರು.

"ಕೊನೆಗೂ ಅವನಿಗೆ ಆ ಮನಸ್ಸು ಬಂತಲ್ಲ, ಗುರುಗಳೇ!" ಎಂದ ಅಡಿವೆಪ್ಪ.

"ನನಗೆ ಆ ಮನಸ್ಸು ಬರಲು ಇವತ್ತಿನವರೆಗೂ ಬೇಕಾಯಿತಪ್ಪ. ನಾಳೆ ಬೆಳಿಗ್ಗೆ ನಿನ್ನ ಕೊನೆಯ ಪಾಠ ಹೇಳಿಕೊಡುತ್ತೇನೆ."