ಸರಿಸಿ ಕಟ್ಟಿದ ನೊಗ

“ಗುರುಗಳೇ, ಕಣ್ಣು ಮುಚ್ಚಿದರೆ ಸಾಕು, ಈಗ ನನ್ನ ಮನಸ್ಸು ತಾನಾಗಿ ನಿಲ್ಲುತ್ತದೆ. ಇನ್ನೂ ನಾನು ತಮ್ಮ ಬಳಿಯೇ ಇರಬೇಕೆ?”

ಶಿಷ್ಯ ಅವಿಮುಕ್ತ ಇದನ್ನು ಸುಮ್ಮನೆ ಕೇಳಿದ್ದಲ್ಲ. ಹೊಳೆಯಾಚೆಯ ಪೇಟೆಯವರು ಅವನಿಗೆಂದೇ ಒಂದು ಆಶ್ರಮ ಕಟ್ಟಿಸಿದ್ದರು. ತಮಗೆ ಯೋಗ ಕಲಿಸಲು ಅವನೇ ಬರಬೇಕೆಂದು ದುಂಬಾಲು ಬಿದ್ದಿದ್ದರು. ಇತ್ತ ಗುರುಗಳೋ, ದಿನವೂ ಅವನ ಪಕ್ಕದಲ್ಲೇ ಕುಳಿತು ಅದೇ ಉಸಿರಿನ ಪಾಠವನ್ನು ಮೊದಲಿನಿಂದ ಮಾಡಿಸುತ್ತಿದ್ದರು. ಮುದುಕರು ತನ್ನನ್ನು ಮುಂದೆ ಹೋಗಲು ಬಿಡುತ್ತಿಲ್ಲ ಎಂಬ ಅಸಮಾಧಾನ ಅವನೊಳಗೆ ಹೊಗೆಯಾಡುತ್ತಿತ್ತು. ಅವರನ್ನು ಬಿಟ್ಟು ಹೋಗಲು ಮನಸ್ಸೂ ಬರುತ್ತಿರಲಿಲ್ಲ, ಅದೂ ನಿಜ.

ಗುರುಗಳು ಕತೆ ಹೇಳಿದರು.

ಒಬ್ಬ ಗಾಡಿಯವನು ಘಟ್ಟದ ಮೇಲಿನ ಊರಿಗೆ ಉಪ್ಪು ಸಾಗಿಸುತ್ತಿದ್ದ. ಅವನು ತನ್ನ ಮುದಿ ಎತ್ತಿನ ಜೊತೆಗೆ ಒಂದು ಎಳೆಯ ಎತ್ತನ್ನು ಹೂಡಿದ. ಹೂಡುವಾಗ ನೊಗವನ್ನು ಗಾಡಿಗೆ ನಟ್ಟನಡುವೆ ಕಟ್ಟಲಿಲ್ಲ. ಕಟ್ಟುವ ಹಗ್ಗವನ್ನು ಮುದಿ ಎತ್ತಿನ ಕಡೆಗೆ ಒಂದು ಗೇಣು ಸರಿಸಿದ. ಹಾಗೆ ಕಟ್ಟಿದರೆ ಹಗ್ಗಕ್ಕೆ ಹತ್ತಿರವಿರುವ ಎತ್ತಿನ ಮೇಲೆ ಹೆಚ್ಚು ಭಾರ ಬೀಳುತ್ತದೆ, ದೂರದ್ದಕ್ಕೆ ಹಗುರವಾಗುತ್ತದೆ. ಎಳೆಯದನ್ನು ಪಳಗಿಸುವವರು ಮಾಡುವುದೇ ಹೀಗೆ.

ಎಳೆಯ ಎತ್ತು ಕತ್ತೆತ್ತಿ ನಡೆಯಿತು. ಮುದಿ ಎತ್ತು ಏದುಸಿರು ಬಿಡುತ್ತ ಅರ್ಧ ಹೆಜ್ಜೆ ಹಿಂದೆಯೇ ಉಳಿಯಿತು. ದಾರಿಯವರೆಲ್ಲ ಎಳೆಯದನ್ನು ಹೊಗಳಿದರು. ಅದಕ್ಕೂ ತಾನೇ ಎಳೆಯುತ್ತಿದ್ದೇನೆ ಅನ್ನಿಸಿರಬೇಕು. ಹೊಗಳಿಕೆ ಯಾರಿಗೆ ಬೇಡ? ಸಂಜೆ ನೊಗ ಇಳಿಸಿದಾಗ ಮುದಿ ಎತ್ತಿನ ಹೆಗಲು ಹುಣ್ಣಾಗಿರುತ್ತಿತ್ತು. ಎಳೆಯದರ ಹೆಗಲಲ್ಲಿ ಕೂದಲೂ ಕೊಂಕಿರುತ್ತಿರಲಿಲ್ಲ.

ಒಬ್ಬ ವ್ಯಾಪಾರಿ ಇದನ್ನು ಕಂಡು ಹೇಳಿದ: “ಅಲ್ಲಯ್ಯ, ಈ ಮುದಿ ಎತ್ತು ಎಳೆಯದರ ಕಾಲಿಗೆ ತೊಡಕು. ಇದನ್ನು ಬಿಟ್ಟು, ಅದಕ್ಕೆ ಸರಿಯಾದ ಜೋಡಿ ನೋಡು.”

ಹೊಗಳಿಕೆ ಕೇಳಿ ಕೇಳಿ, ಹಗ್ಗ ಸರಿಸಿದ್ದನ್ನು ಗಾಡಿಯವನೇ ಮರೆತಿದ್ದ. ಮುದಿ ಎತ್ತನ್ನು ಬಿಡಿಸಿದ. ಅಂಥದೇ ಇನ್ನೊಂದು ಎಳೆಯ ಎತ್ತನ್ನು ತಂದು, ನೊಗವನ್ನು ನಡುವೆ ಕಟ್ಟಿದ. ಘಟ್ಟದ ಏರಿನಲ್ಲಿ ಎರಡೂ ಮಂಡಿಯೂರಿದವು. ಗಾಡಿ ಹಿಂದಕ್ಕೆ ಉರುಳಿತು, ಉಪ್ಪು ಮಣ್ಣುಪಾಲಾಯಿತು. ಎತ್ತುಗಳೇನೋ ಬದುಕಿದವು. ಆದರೆ ಆಮೇಲೆ ನೊಗ ಕಂಡರೆ ಸಾಕು, ಬೆದರಿ ಓಡುತ್ತಿದ್ದವು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಅವಿಮುಕ್ತನ ಕಣ್ಣುಗಳು ತುಂಬಿ ಬಂದವು. ದಿನವೂ ತನ್ನ ಪಕ್ಕದಲ್ಲಿ ಯಾರು ಕುಳಿತಿದ್ದರು, ಏಕೆ ಕುಳಿತಿದ್ದರು ಎಂಬುದು ಅವನಿಗೆ ಆಗ ತಿಳಿಯಿತು.

“ತಪ್ಪಾಯಿತು ಗುರುಗಳೇ. ಇಷ್ಟು ದಿನ ನನ್ನ ಭಾರವನ್ನೂ ತಾವೇ ಹೊತ್ತಿರಿ. ನಾನು ಪೇಟೆಗೆ ಹೋಗುವುದಿಲ್ಲ, ತಮ್ಮ ಜೊತೆಯಲ್ಲೇ ಇದ್ದುಬಿಡುತ್ತೇನೆ.”

“ಹೋಗುವುದು ಬಿಡುವುದು ನಿನ್ನ ಇಷ್ಟ, ಮಗು, ಆದರೆ ಕಲಿಸಲು ಕುಳಿತ ದಿನ ಹಗ್ಗವನ್ನು ಯಾರ ಕಡೆಗೆ ಸರಿಸುತ್ತೀಯೆ?” ಎಂದರು ಗುರುಗಳು.