ಚೆಲುವರಾಜ ತಾಳಿ ಕಟ್ಟಿದ್ದು

ಪಿರಿಯಾಪಟ್ಟಣದ ಸಂತೆಬೀದಿಯಲ್ಲಿ ವಿಶಾಲಾಕ್ಷಮ್ಮ ಅಂತ ಒಬ್ಬ ತಾಯಿ, ಅವಳಿಗೆ ಚೆಲುವರಾಜ ಅಂತ ಒಬ್ಬನೇ ಮಗ. ತಾಯಿ ಊರ ಮಕ್ಕಳಿಗೆಲ್ಲ ಕಂಪ್ಯೂಟರ್ ಪಾಠ ಹೇಳುವಳು. ಊರ ಮಕ್ಕಳೆಲ್ಲ ಕಲಿತರು, ಮಗ ಕಲಿಯಲಿಲ್ಲ.

ಒಂದು ದಿನ ಅವನೂ ಪ್ರೋಗ್ರಾಂ ಬರೆದ. ‘ಹಸು’ ಅಂತ ಒಂದು ಕ್ಲಾಸ್ ಮಾಡಿ, ಅದಕ್ಕೇ ‘ಹಾಲು ಕೊಡು’ ಅಂದ. ಕಂಪ್ಯೂಟರ್ ತಪ್ಪು ಅಂತು. ತಾಯಿ ಬೈದಳು:

“ಪೆದ್ದಾ! ಕ್ಲಾಸ್ ಅಂದ್ರೆ ಬರೀ ಅಚ್ಚು ಕಣೋ! ಅಚ್ಚು ಹಿಂಡಿದ್ರೆ ಹಾಲು ಬರುತ್ತಾ? ಅದರಿಂದ ಹೊಸ ಹಸು ಮಾಡ್ಕೊಂಡು ಆಮೇಲೆ ಕೇಳು! ಯಾವ ಕೆಲಸಕ್ಕೂ ಮೊದಲು ಹೊಸದೊಂದು ಆಗಬೇಕು!”

“ಹೂಂ ಕಣಮ್ಮ!”

ಮಧ್ಯಾಹ್ನ ತಾಯಿ ಅಡುಗೆಮನೆಯಿಂದ ಕೂಗಿದಳು: “ಗಂಟೆ ಎಷ್ಟಾಯ್ತು ನೋಡೋ!”

ಗೋಡೆ ಮೇಲೆ ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು. ಇವನು ತಿರುಗಿಯೂ ನೋಡಲಿಲ್ಲ. ಪೇಟೆಗೆ ಓಡಿದ, ಹೊಸ ಗಡಿಯಾರ ತಂದ, ಸೆಲ್ ಹಾಕಿದ.

“ಹನ್ನೆರಡು ಕಣಮ್ಮ!”

ಆಗ ಮೂರೂವರೆ.

“ಅಯ್ಯೋ ನನ್ನ ಕರ್ಮವೇ! ಗಂಟೆ ಎಲ್ಲರಿಗೂ ಒಂದೇ ಅಲ್ವೇನೋ? ಅಂಥದ್ದಕ್ಕೆ ಸ್ಟ್ಯಾಟಿಕ್ ಅಂತಾರೆ. ಹೊಸದು ಬೇಡ, ಇರೋ ಒಂದರಲ್ಲೇ ಎಲ್ಲರಿಗೂ ನಡೆಸು!”

“ಹೂಂ ಕಣಮ್ಮ!”

ಸಂಜೆ ಪಾಠಕ್ಕೆ ಹುಡುಗಿಯರು ಬಂದರು. “ಎಲ್ಲರಿಗೂ ಟೀ ಕೊಡೋ!”

ಒಂದೇ ಲೋಟ ತುಂಬಿದ. ಮೊದಲನೆಯವಳು ಗುಟುಕು ಕುಡಿದಳೋ ಇಲ್ಲವೋ, ಕಿತ್ತುಕೊಂಡು ಪಕ್ಕದವಳಿಗೆ ಕೊಟ್ಟ. ಅವಳಿಂದ ಕಿತ್ತು ಇನ್ನೊಬ್ಬಳಿಗೆ. ಎಲ್ಲರೂ ಛೀ ಅಂದರು. ಕೊನೆಯಲ್ಲಿ ಕೂತಿದ್ದ ಕುಮುದ ಮಾತ್ರ ನಕ್ಕು ನಕ್ಕು, ತಳದಲ್ಲಿದ್ದದ್ದನ್ನ ಕುಡಿದುಬಿಟ್ಟಳು.

“ಮುಠ್ಠಾಳ! ಟೀ ಏನು ಗಡಿಯಾರವಾ? ಅವರವರದ್ದು ಅವರವರಿಗೆ! ಒಬ್ಬೊಬ್ಬರಿಗೆ ಒಂದೊಂದು!”

“ಹೂಂ ಕಣಮ್ಮ! ಒಬ್ಬೊಬ್ಬರಿಗೆ ಒಂದೊಂದು!”

ಕುಮುದ ಮನೆಗೆ ಹೋದವಳೇ, ಮದುವೆಯಾದರೆ ಅವನನ್ನೇ ಅಂದಳು. ಇಂಥ ಮಗನಿಗೂ ಹೆಣ್ಣು ಸಿಕ್ಕಿತಲ್ಲ ಅಂತ ವಿಶಾಲಾಕ್ಷಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಆದರೂ ಮುಹೂರ್ತದ ದಿನ ಅವಳು ಮಗನ ಮೇಲೆ ಇಟ್ಟ ಕಣ್ಣು ತೆಗೆಯಲಿಲ್ಲ.

ಹಾರ ಬಂತು, ಒಬ್ಬೊಬ್ಬರಿಗೆ ಒಂದೊಂದು. ಬಾಸಿಂಗ ಬಂತು, ಒಬ್ಬೊಬ್ಬರಿಗೆ ಒಂದೊಂದು. ಸದ್ಯ, ಅಂತ ತಾಯಿ ಉಸಿರುಬಿಟ್ಟಳು.

ತಾಳಿ ಬಂತು. ಒಂದೇ!

“ಇನ್ನೊಂದೆಲ್ಲಿ?” ಅಂದ ಚೆಲುವರಾಜ.

“ಇರೋದೇ ಒಂದು! ಮುಹೂರ್ತ ಮೀರುತ್ತೆ, ಕಟ್ಟಪ್ಪ!” ಅಂತ ಪುರೋಹಿತರು ಗದರಿದರು. ಗಟ್ಟಿಮೇಳ ಶುರುವಾಯಿತು. ಕುಮುದ ತಲೆ ಬಗ್ಗಿಸಿದಳು.

ಚೆಲುವರಾಜ ಮೂರು ಗಂಟು ಬಿಗಿಯಾಗಿ ಹಾಕಿದ, ತನ್ನ ಕೊರಳಿಗೇ.

“ಬೇಗ ತನ್ನಿ ಸ್ವಾಮಿ! ನನ್ನದಾಯ್ತು, ಇನ್ನು ಅವಳದು!”